ಎಡಗಾಲಿನ ಬ್ರೇಕು

ಬಣ್ಣದಂಗಡಿಯ ಷಡ್ಡಕ ಹೊಸ ಗಾಡಿ ತಂದ ದಿನ ತಕ್ಕಡಿ ಭಾವನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೆಂಡತಿಗೆ ಹೇಳಿದ. ಒಂದು ಲೆಕ್ಕದಲ್ಲಿ ಅದು ನಿಜವೇ.

ಅವನ ಕಸುಬು ತಕ್ಕಡಿ ರಿಪೇರಿ. ಅಂಗಡಿ ಬೀದಿಯ ಕೊನೆಯಲ್ಲಿ, ಶಟರ್ ಅರ್ಧಕ್ಕೇ ನಿಂತುಬಿಡುವ ಒಂದು ಕೋಣೆ. ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ತಟ್ಟೆಗಳು, ಮುಳ್ಳು ಬಾಗಿದ ಹಳೆಯ ತಕ್ಕಡಿಗಳು, ಅಂಕಿ ಮಿನುಗುವುದನ್ನು ಬಿಟ್ಟ ಹೊಸ ಮಿಷನ್‌ಗಳು, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಕಬ್ಬಿಣದ ತೂಕದ ಬಟ್ಟುಗಳು. ವಾರದಲ್ಲಿ ಅರ್ಧ ಭಾಗ ಅವನು ಊರೂರಿನ ಅಂಗಡಿಗಳಿಗೆ ಹೋಗಿ ತಕ್ಕಡಿ ಸರಿಮಾಡುತ್ತಿದ್ದ. ಬಟ್ಟುಗಳನ್ನು ಗಾಡಿಯ ಎರಡು ಪಕ್ಕದ ಪೆಟ್ಟಿಗೆಗಳಲ್ಲಿ ಎಡಬಲ ಸಮ ತೂಗುವಂತೆ ತುಂಬುವುದು ಅವನ ಶಿಸ್ತು.

ಈ ಶಿಸ್ತು ಗಾಡಿಗೆ ಮುಗಿಯುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಮೆತ್ತೆಯ ಕುರ್ಚಿ ಯಾರಿಗೆ ಹಾಕಿದರು, ಅತ್ತೆ ಯಾವ ಅಳಿಯನನ್ನು ಮೊದಲು ಮಾತಾಡಿಸಿದರು, ಯಾರ ಮಾತಿಗೆ ಜಾಸ್ತಿ ನಕ್ಕರು, ಎಲ್ಲವನ್ನೂ ಅವನು ಮನಸ್ಸಿನಲ್ಲೇ ತೂಗುತ್ತಿದ್ದ. ತಟ್ಟೆ ಯಾವಾಗಲೂ ಷಡ್ಡಕನ ಕಡೆಗೇ ವಾಲುತ್ತಿತ್ತು. ಅಂಗಡಿಯಲ್ಲಿ ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಬಿಡದ ಮನುಷ್ಯ, ಈ ತಕ್ಕಡಿಯ ಮುಳ್ಳು ಸರಿಯಿದೆಯೇ ಎಂದು ಒಮ್ಮೆಯೂ ನೋಡಿದವನಲ್ಲ.

ತಟ್ಟೆ ತನ್ನ ಕಡೆಗೆ ವಾಲುತ್ತಿದ್ದುದು ಒಂದೇ ವಿಷಯದಲ್ಲಿ, ಗಾಡಿಯ ವಿಷಯದಲ್ಲಿ. ದೂರ ಪ್ರಯಾಣಕ್ಕೆಂದೇ ಮಾಡಿದ ಆ ಟೂರಿಂಗ್ ಬೈಕನ್ನು ಮದುವೆಯಾದ ಹೊಸತರಲ್ಲಿ ಕೊಂಡಿದ್ದ. ಗುಡ್ಡ, ಕೆರೆ, ಕಾಡಿನ ದಾರಿ ಎಂದು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ತಿರುಗದ ಕಡೆಯಿಲ್ಲ. ಅಷ್ಟು ವರ್ಷವೂ ಷಡ್ಡಕ ಒಂದು ಸ್ಕೂಟರಿನಲ್ಲಿ ಬಣ್ಣದ ಡಬ್ಬ ಸಾಗಿಸಿಕೊಂಡಿದ್ದ. ಆದರೆ ಈಚೆಗೆ ಹೆಂಡತಿಗೆ ಸೊಂಟನೋವು. ಹಿಂದಿನ ಸೀಟು ಹಲಗೆಯ ಹಾಗಾಗಿದೆ, ಬಿಚ್ಚಿ ಹೊಸದಾಗಿ ಹೊಲಿಸಿ ಎಂದು ಅವಳು ಹೇಳುತ್ತಲೇ ಇದ್ದಳು. ಕಂಪನಿಯ ಸೀಟಿಗೆ ಕತ್ತರಿ ಹಾಕಿಸುವುದೆಂದರೆ ಅವನಿಗೆ ಮೈಗೆ ಹಾಕಿಸಿದ ಹಾಗೆ. ಕೊನೆಗೆ ಅವಳು ಬರುವುದನ್ನೇ ಬಿಟ್ಟಳು. ಈ ರಜೆಯಲ್ಲಿ ಎರಡೂ ಜೋಡಿ ಕಡಲ ತೀರಕ್ಕೆ ಹೋಗುವ ಮಾತಾಗಿತ್ತು. ಅವಳು ಇನ್ನೂ ಹೂಂ ಅಂದಿರಲಿಲ್ಲ.

ಷಡ್ಡಕ ತಂದದ್ದು ಅದೇ ಕಂಪನಿಯ, ಅದೇ ಹೆಸರಿನ ಗಾಡಿ. ಹೊಸ ಮಾಡೆಲ್ಲು. ಮೊದಲು ಬಂದು ನಿಲ್ಲಿಸಿದ್ದೂ ತಕ್ಕಡಿ ಭಾವನ ಗೇಟಿನ ಮುಂದೆಯೇ.

"ನೀವೇ ಮೊದಲು ನೋಡ್ಬೇಕು ಭಾವ. ನಿಮ್ಮ ಗಾಡಿ ನೋಡಿ ನೋಡಿನೇ ನನಗೆ ಈ ಹುಚ್ಚು ಹತ್ತಿದ್ದು."

ತಕ್ಕಡಿ ಭಾವ ಕೈ ಹಿಂದೆ ಕಟ್ಟಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದ. "ಆನ್ ಮಾಡು ನೋಡೋಣ."

"ಆನ್ ಆಗೇ ಇದೆ ಭಾವ."

"ಸದ್ದೇ ಇಲ್ವಲ್ಲೋ! ಹೊಲಿಗೆ ಮಿಷನ್ ಕೊಟ್ಟು ಕಳಿಸಿದಾರೆ ನಿನಗೆ."

"ಅಲುಗಾಟನೂ ಇಲ್ಲ ನೋಡಿ. ಕನ್ನಡೀಲಿ ಹಿಂದಿನವರ ಮುಖ ನೀಟಾಗಿ ಕಾಣುತ್ತೆ."

"ನಮ್ಮದ್ರಲ್ಲೇನು ಕಾಣಲ್ವಾ?"

"ನಿಮ್ಮದ್ರಲ್ಲಿ ಒಬ್ಬರದು ಮೂರು ಮೂರು ಮುಖ ಕಾಣುತ್ತೆ ಭಾವ," ಎಂದಳು ನಾದಿನಿ. ಅವಳು ಗಂಡನ ಹಿಂದೆ ರಾಣಿಯ ಹಾಗೆ ಕೂತಿದ್ದಳು, ಇನ್ನೂ ಇಳಿದಿರಲಿಲ್ಲ.

ಷಡ್ಡಕ ಒಂದೊಂದೇ ತೋರಿಸಿದ. ಗುಂಡಿ ಒತ್ತಿದರೆ ಗಾಳಿತಡೆಯ ಗಾಜು ಏರುತ್ತದೆ, ಇಳಿಯುತ್ತದೆ. ಮುಂದಿನ ಪರದೆಯಲ್ಲಿ ದಾರಿ ಕಾಣುತ್ತದೆ. ಪಕ್ಕದ ಪೆಟ್ಟಿಗೆಗಳಿಗೂ ಗಾಡಿಯದೇ ಕೀಲಿ. ತಕ್ಕಡಿ ಭಾವ ಪೆಟ್ಟಿಗೆಯನ್ನು ಬೆರಳ ಗಿಣ್ಣಿನಿಂದ ತಟ್ಟಿದ.

"ಪ್ಲಾಸ್ಟಿಕ್ಕು. ನನ್ನ ಬಟ್ಟು ಹಾಕಿದ್ರೆ ತಳ ಕಿತ್ಕೊಂಡು ಬೀಳುತ್ತೆ."

"ಬಟ್ಟು ಹೊರೋಕೆ ಯಾರು ತಂದ್ರು ಭಾವ? ಹೆಂಡ್ತಿ ಹೊರೋಕೆ ತಂದಿದ್ದು."

"ಅಂದ್ರೆ ನಾನು ಬಟ್ಟಿಗಿಂತ ಹಗುರ ಅಂತ ಈಗ ಒಪ್ಪಿಕೊಂಡ ಹಾಗಾಯ್ತು," ಎಂದು ನಾದಿನಿ ಇಳಿದು, ಗೇಟಿಗೆ ಬಂದು ನಿಂತಿದ್ದ ಅಕ್ಕನ ಕೈಹಿಡಿದು ಎಳೆದಳು. "ನೀನು ಕೂತ್ಕೊಂಡು ನೋಡೇ ಅಕ್ಕ."

ಅಕ್ಕ ಕೂತಳು. ಬೆನ್ನಿಗೆ ಒರಗು ಸಿಕ್ಕಿತು. ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟದ್ದನ್ನು ತಕ್ಕಡಿ ಭಾವ ನೋಡಿದ. ತನ್ನ ಗಾಡಿಯ ಮೇಲೆ ಅವಳ ಮುಖದಲ್ಲಿ ಅಂಥ ನೆಮ್ಮದಿ ಕಂಡದ್ದು ಯಾವಾಗ ಎಂದು ಯೋಚಿಸಿದ, ನೆನಪಾಗಲಿಲ್ಲ.

"ರೀ, ಇಲ್ಲಿ ಕೂತ್ರೆ ಸೊಂಟ ಅನ್ನೋದೊಂದಿದೆ ಅಂತಾನೇ ಮರ್ತು ಹೋಗುತ್ತೆ. ಇಂಥದ್ರಲ್ಲಾದ್ರೆ ನಾನೂ ಕಡಲಿಗೆ ಬರ್ತಿದ್ದೆ."

ಅಲ್ಲಿಂದ ಮುಂದೆ ಅವನ ತಲೆಯಲ್ಲಿ ಬೇರೆ ಮಾತು ಓಡಲಿಲ್ಲ. ದಿನಸಿ ಅಂಗಡಿಯ ತಕ್ಕಡಿ ಬಿಚ್ಚಿಟ್ಟುಕೊಂಡು ಕೂತಿದ್ದಾಗ ಬೀದಿಯಲ್ಲಿ ಸದ್ದಿಲ್ಲದೆ ಏನಾದರೂ ಹಾದುಹೋದರೆ ಕತ್ತು ತಾನಾಗಿ ತಿರುಗುತ್ತಿತ್ತು. ಹೆಂಡತಿ ಫೋನಿನಲ್ಲಿ ತಂಗಿಯೊಡನೆ ನಕ್ಕರೆ ಗಾಡಿಯ ಮಾತೇ ಇರಬೇಕು ಎನಿಸುತ್ತಿತ್ತು. ಹೊಸ ಮಾಡೆಲ್ಲಿನ ಹುಳುಕುಗಳನ್ನು ಅವನು ಕೇಳದವರಿಗೂ ಹೇಳಿದ. ಭಾರ ಜಾಸ್ತಿ, ತಂತಿಗಳೇ ತಂತಿಗಳು, ದಾರಿಯಲ್ಲಿ ಕೆಟ್ಟರೆ ಒದ್ದು ಸ್ಟಾರ್ಟ್ ಮಾಡಲು ಕಿಕ್ಕರೇ ಇಲ್ಲ. ಹೇಳಿ ಮುಗಿಸಿದ ಮೇಲೂ ಹೊಟ್ಟೆಯ ಉರಿ ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಷಡ್ಡಕ ಹೆಂಡತಿಯೊಡನೆ ಮತ್ತೆ ಬಂದ. ಮುಖದ ತುಂಬ ನಗು.

"ಭಾವ, ನಾನೊಂದು ಯೋಚನೆ ಮಾಡಿದೀನಿ. ಕಡಲಿಗೆ ನೀವೂ ಅಕ್ಕನೂ ನನ್ನ ಗಾಡೀಲಿ ಹೋಗಿ. ನಾವಿಬ್ರು ನಿಮ್ಮದ್ರಲ್ಲಿ ಬರ್ತೀವಿ. ಅಕ್ಕನ ಸೊಂಟಕ್ಕೂ ಸುಖ. ಈಗ ಒಂದೊಂದು ರೌಂಡ್ ಹೊಡ್ದು ಅಭ್ಯಾಸ ಮಾಡ್ಕೊಳ್ಳೋಣ."

ಕೊಡುವವನ ಮುಖದಲ್ಲಿ ಕೊಟ್ಟೆ ಎಂಬ ಗರ್ವ ಒಂದಿಷ್ಟು ಕಂಡಿದ್ದರೆ ತಕ್ಕಡಿ ಭಾವನಿಗೆ ಸಮಾಧಾನವಾಗುತ್ತಿತ್ತು. ಹುಡುಕಿದ, ಸಿಗಲಿಲ್ಲ. ಹೆಂಡತಿಯನ್ನು ಮತ್ತೆ ತನ್ನ ಹಿಂದೆ ಕೂರಿಸಿಕೊಳ್ಳುವುದಕ್ಕೂ ಇವನ ದಯೆ ಬೇಕಾಯಿತು ಎಂದು ಮೈಯೆಲ್ಲ ಉರಿಯಿತು. ಆಗಲಿ ಎಂದು ಕೀಲಿ ತಂದುಕೊಟ್ಟ.

ಈಗಿನ ಗಾಡಿಗಳಲ್ಲೆಲ್ಲ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಅವನ ಹಳೆಯ ಗಾಡಿಯಲ್ಲಿ ಅದು ಅದಲುಬದಲು: ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಕೈಯ ಬ್ರೇಕು ಹೆಸರಿಗೆ ಮಾತ್ರ. ಅವನು ಗಾಡಿ ಸ್ಟಾರ್ಟ್ ಮಾಡಿಕೊಟ್ಟು, "ಗೇರು ಬಲಗಾಲಲ್ಲಿ. ಮೊದಲನೇದು ಮೇಲೆ, ಮಿಕ್ಕಿದ್ದೆಲ್ಲ ಕೆಳಗೆ," ಎಂದ. ಅಷ್ಟಕ್ಕೇ ನಿಲ್ಲಿಸಿದ.

"ಮತ್ತೆ..." ಎಂದು ಷಡ್ಡಕ ಏನೋ ಕೇಳಲು ಹೊರಟ. ತಕ್ಕಡಿ ಭಾವ ಎಂಜಿನ್ನಿನ ಗುಡುಗಿನಲ್ಲಿ ಕೇಳಿಸದವನಂತೆ ಆ ಕಡೆ ತಿರುಗಿ ಹೆಲ್ಮೆಟ್ಟಿನ ಪಟ್ಟಿ ಸರಿಮಾಡತೊಡಗಿದ. ಅವನು ಬಯಸಿದ್ದು ದೊಡ್ಡದೇನಲ್ಲ. ಗೇಟಿನ ಹತ್ತಿರ ಷಡ್ಡಕ ನಿಲ್ಲಿಸಲು ಹೋಗಿ ತಪ್ಪು ಕಾಲು ಒತ್ತಬೇಕು, ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಬೇಕು, ಪ್ಯಾಂಟಿಗೆ ಒಂದಿಷ್ಟು ಮಣ್ಣಾಗಬೇಕು, ಅಕ್ಕತಂಗಿಯರಿಬ್ಬರೂ ನೋಡಬೇಕು. ಅಷ್ಟೇ. ಅಷ್ಟನ್ನು ಅವನು ಪಾಪ ಎಂದು ಎಣಿಸಲಿಲ್ಲ.

ಅಷ್ಟರಲ್ಲಿ ಹೆಂಡತಿ ಮೆಟ್ಟಿಲಿಳಿದು ಬಂದು ಹಳೆಯ ಗಾಡಿಯ ಹಿಂದಿನ ಸೀಟಿಗೆ ಕಾಲು ಹಾಕಿ ಕೂತೇಬಿಟ್ಟಳು.

"ನೀನೆಲ್ಲಿಗೆ?" ಎಂದ ತಕ್ಕಡಿ ಭಾವ.

"ಒಂದು ಸುತ್ತು ತಾನೆ. ಇದರ ಸ್ವಭಾವ ಇವರಿಗೇನು ಗೊತ್ತು? ಜೊತೇಲಿ ಒಬ್ರು ಇರ್ಲಿ."

ತಕ್ಕಡಿ ಭಾವ ರಸ್ತೆಯ ಕಡೆ ನೋಡಿದ. ಗೇಟಿನಾಚೆ ರಸ್ತೆ ಸ್ವಲ್ಪ ದೂರ ಸಮತಟ್ಟು, ಆಮೇಲೆ ಇಳಿಜಾರು. ಇಳಿಜಾರು ಮುಗಿಯುವುದು ಟ್ಯಾಂಕರುಗಳು ಓಡಾಡುವ ದೊಡ್ಡ ರಸ್ತೆಯಲ್ಲಿ. ಬಾಯಿ ತೆರೆದರೆ ಒಂದು ಮಾತಿನ ಕೆಲಸ. ಆದರೆ ಮೊದಲೇ ಏಕೆ ಹೇಳಲಿಲ್ಲ ಎಂದು ಅವಳು ಕೇಳುತ್ತಾಳೆ. ಅವನು ಆ ಉತ್ತರವನ್ನು ಹುಡುಕುತ್ತಿರುವಾಗಲೇ ಗಾಡಿ ಗುಡುಗಿಕೊಂಡು ಗೇಟು ದಾಟಿತು. ಕುಪ್ಪಳಿಸಲಿಲ್ಲ, ನಿಲ್ಲಲೂ ಇಲ್ಲ.

"ಬ್ರೇಕೂ! ಎಡಗಾಲೂ!" ಎಂದು ಕಿರುಚಿದ. ಕೇಳಿದ್ದು ನಾದಿನಿಗೆ ಮಾತ್ರ.

"ಏನಾಯ್ತು ಭಾವ?"

ಅವನು ಹೊಸ ಗಾಡಿ ಹತ್ತಿದ. ಗುಂಡಿ ಒತ್ತಿದ. ಮೊದಲನೇ ಗೇರು ಹೇಗೋ ಎಡಗಾಲಿಗೆ ಸಿಕ್ಕಿತು. ವೇಗ ಏರುತ್ತಲೇ, ಗೇರು ಬದಲಿಸಲೆಂದು, ಎಷ್ಟೋ ವರ್ಷದ ಅಭ್ಯಾಸದ ಬಲಗಾಲು ತಾನಾಗಿ ಕೆಳಕ್ಕೊತ್ತಿತು. ಅಲ್ಲಿದ್ದದ್ದು ಬ್ರೇಕು. ಗಾಡಿ ನಡುರಸ್ತೆಯಲ್ಲಿ ಗಕ್ಕನೆ ನಿಂತಿತು, ಅವನ ಎದೆ ಟ್ಯಾಂಕಿಗೆ ಬಡಿಯಿತು. ಷಡ್ಡಕನ ಕಾಲಿಗೆಂದು ಒಡ್ಡಿದ್ದ ಬಲೆ ತನ್ನ ಕಾಲಿಗೂ ಒಡ್ಡಿದಂತೆ ಎಂಬುದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಬೈದುಕೊಂಡು ಮತ್ತೆ ಹೊರಟ. ಇಳಿಜಾರಿನ ನೆತ್ತಿಗೆ ಬಂದಾಗ ಕೆಳಗೆ ಹೆಂಡತಿಯ ಬೆನ್ನು ಕಂಡಿತು. ದೊಡ್ಡ ರಸ್ತೆಯಲ್ಲಿ ಟ್ಯಾಂಕರೊಂದು ಬರುತ್ತಿತ್ತು. ಅವಳಿದ್ದ ಗಾಡಿಯನ್ನು ತಾನೇ ನಿಲ್ಲಿಸುವವನಂತೆ ಅವನು ಬಲವನ್ನೆಲ್ಲ ಬಿಟ್ಟು ಎಡಗಾಲು ತುಳಿದ. ಹೊಸ ಗಾಡಿ ನಿಲ್ಲುವ ಬದಲು ಗೇರು ಇಳಿಸಿಕೊಂಡು ಗುರ್ರೆಂದಿತು, ಹಿಂದಿನ ಚಕ್ರ ಅತ್ತಿತ್ತ ಜಾರಿತು. ಮನೆ ಕಟ್ಟಲು ತಂದು ಸುರಿದಿದ್ದ ಜಲ್ಲಿಯ ರಾಶಿಗೆ ಅವನೂ ಗಾಡಿಯೂ ಹೋಗಿ ಒರಗಿದರು.

ಬಿದ್ದಲ್ಲಿಂದಲೇ ತಲೆ ಎತ್ತಿ ನೋಡಿದ. ಕೆಳಗೆ, ದೊಡ್ಡ ರಸ್ತೆಯ ಅಂಚಿಗೆ, ಅವನ ಹಳೆಯ ಗಾಡಿ ಅಚ್ಚುಕಟ್ಟಾಗಿ ನಿಂತಿತ್ತು. ಹಿಂದಿನ ಕೆಂಪು ದೀಪ ಉರಿಯುತ್ತಿತ್ತು. ಟ್ಯಾಂಕರು ಹಾದುಹೋಯಿತು.

ಅವರಿಬ್ಬರೂ ತಿರುಗಿ ಮೇಲೆ ಬಂದರು. ಷಡ್ಡಕ ಓಡಿಬಂದು ಮೊದಲು ಅವನ ಮೊಣಕಾಲು ಮುಟ್ಟಿ ನೋಡಿದ. "ಕಾಲು ಆಡ್ಸಿ ಭಾವ. ಕೈ ಆಡ್ಸಿ. ಗಾಡಿ ಕಡೆ ನೋಡ್ಬೇಡಿ, ಅದು ಹಾಳಾಗ್ಲಿ. ಗೀರು ಬಿದ್ದಿದೆ ಅಷ್ಟೆ. ಬಣ್ಣ ನಮ್ಮಂಗಡೀಲೇ ಇದೆಯಲ್ಲ."

ಹೆಂಡತಿ ಹತ್ತಿರ ಬಂದು ನಿಂತಳು. ಗಂಡನಿಗೆ ದೊಡ್ಡ ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಕೇಳಿದಳು. "ಇವರಿಗೆ ಬ್ರೇಕು ಎಲ್ಲಿದೆ ಅಂತಾನೇ ಗೊತ್ತಿರ್ಲಿಲ್ಲ. ಗೇಟು ದಾಟ್ತಿದ್ದ ಹಾಗೇ 'ಬ್ರೇಕೆಲ್ಲಿದೆ ಅಕ್ಕ?' ಅಂತ ಕೇಳ್ತಾರೆ. ಎಡಗಾಲು, ಎಡಗಾಲು ಅಂತ ಬೆನ್ನಿಗೆ ಗುದ್ದಿ ಗುದ್ದಿ ನಾನು ಹೇಳ್ಬೇಕಾಯ್ತು. ನೀವು ಹೇಳಿರ್ಲಿಲ್ವಾ?"

ಅಷ್ಟು ವರ್ಷ ಹಿಂದೆ ಕೂತವಳು ಅವನ ಕಾಲುಗಳನ್ನು ನೋಡುತ್ತಲೇ ಬಂದಿದ್ದಳು. ಅದೂ ಅವನಿಗೆ ಹೊಸ ವಿಷಯ.

"ಹೇಳಿದ್ರು ಅಕ್ಕ," ಎಂದ ಷಡ್ಡಕ. "ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಜಲ್ಲಿಯ ರಾಶಿ ಇಷ್ಟು ನೋಯಿಸಿರಲಿಲ್ಲ. ಷಡ್ಡಕನಿಗೆ ಎಲ್ಲವೂ ಗೊತ್ತಾಗಿತ್ತು, ಗೊತ್ತಾಗಿಯೂ ಕಾಪಾಡುತ್ತಿದ್ದ. ಗಾಡಿಯೂ ಅವನದೇ ಚೆನ್ನ, ಈಗ ಗುಣವೂ ಅವನದೇ ಚೆನ್ನ. ತಟ್ಟೆ ನೆಲಕ್ಕೆ ಮುಟ್ಟಿಬಿಟ್ಟಿತು.

"ಇಲ್ಲ, ಹೇಳಿರ್ಲಿಲ್ಲ," ಎಂದ ತಕ್ಕಡಿ ಭಾವ. "ಬೇಕೂಂತ್ಲೇ ಹೇಳ್ಲಿಲ್ಲ."

ಪಶ್ಚಾತ್ತಾಪ ಆ ಮಾತನ್ನು ಆಡಿಸಿತು ಎಂದರೆ ಸುಳ್ಳಾಗುತ್ತದೆ. ಒಳ್ಳೆಯವನೆಂಬ ಹೆಸರನ್ನೂ ಷಡ್ಡಕನೇ ಹೊಡೆದುಕೊಂಡು ಹೋಗುವುದನ್ನು ಅವನಿಂದ ನೋಡಲಾಗಲಿಲ್ಲ, ಅಷ್ಟೇ.

ಹೆಂಡತಿ ಅವನನ್ನು ಮನೆಗೆ ಕರೆತಂದು, ಬಚ್ಚಲಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ತರಚಿದ ಮೊಣಕೈಗೆ ಔಷಧಿ ಹಚ್ಚುವಾಗ ಬೇಕೆಂದೇ ಸ್ವಲ್ಪ ಒತ್ತಿದಳು.

"ಹಿಂದೆ ನಾನಿದ್ದೆ," ಎಂದಳು.

"ನೀನು ಹತ್ತುತೀಯ ಅಂತ ನನಗೇನು ಗೊತ್ತು?"

"ನಾನು ಹತ್ತದೇ ಇದ್ದಿದ್ರೆ ನನ್ನ ತಂಗಿ ಗಂಡ ಟ್ಯಾಂಕರ್ ಕೆಳಗೆ. ಅದು ಪರವಾಗಿಲ್ವಾ?"

ಅವಳು ಔಷಧಿಯ ಮುಚ್ಚಳ ತಿರುಗಿಸಿದಳು.

"ಹೊಸ ಗಾಡಿ ಕೇಳಿದ್ನಾ ನಾನು ಯಾವತ್ತಾದ್ರೂ? ಸೀಟು ಹೊಲಿಸಿ ಅಂದೆ."

"ಹೊಲಿಸಿದ್ರೆ ಬರ್ತೀಯಾ ಕಡಲಿಗೆ?"

"ಮೊದಲು ಹೊಲಿಸಿ. ಕೂತು ನೋಡಿ ಹೇಳ್ತೀನಿ."

ಮರುದಿನ ಅವನು ಸೀಟು ಬಿಚ್ಚಿ ಬಗಲಲ್ಲಿಟ್ಟುಕೊಂಡು ಸೀಟು ಹೊಲಿಯುವವನ ಅಂಗಡಿಗೆ ನಡೆದ. ಕಂಪನಿಯ ರೆಕ್ಸಿನ್ನಿಗೆ ಕತ್ತರಿ ಬೀಳುವಾಗ ಮುಖ ಆ ಕಡೆ ತಿರುಗಿಸಿದ. ಆಮೇಲೆ ಕೇಳಿದ, "ಹೊಸ ಮಾಡೆಲ್ ಸೀಟು ನೋಡಿದೀಯೇನಯ್ಯ?"

"ನೋಡಿದೀನಿ ಸ್ವಾಮಿ. ಒಳ್ಳೆ ಸೀಟು."

"ಅದಕ್ಕಿಂತ ಒಂದು ಬೆರಳು ದಪ್ಪ ಹಾಕು."

"ದಪ್ಪ ಹಾಕಿದ್ರೆ ಅಮ್ಮಾವ್ರ ಕಾಲು ಕೆಳಗೆ ಎಟುಕಲ್ಲ. ಮತ್ತೆ ಸೊಂಟಕ್ಕೇ ಬರುತ್ತೆ."

ತಕ್ಕಡಿ ಭಾವ ಬಹಳ ಹೊತ್ತು ತೂಗಿ ನೋಡಿದ. "ಸರಿ, ಅಷ್ಟೇ ಇರ್ಲಿ. ಆದ್ರೆ ಹೊಲಿಗೆ ಮಾತ್ರ ಅವನದಕ್ಕಿಂತ ಒತ್ತಾಗಿರ್ಬೇಕು."

ಸೀಟು ಕೂರಿಸಿದ ಸಂಜೆ ಹೆಂಡತಿ ಅದನ್ನು ಮುಷ್ಟಿಯಿಂದ ಎರಡು ಸಲ ಒತ್ತಿ ನೋಡಿದಳು. ಹತ್ತಿ ಕೂತಳು. ಚೆನ್ನಾಗಿದೆ ಎನ್ನಲಿಲ್ಲ.

"ಹೊರಡಿ, ಒಂದು ಸುತ್ತು," ಎಂದಳು.

ಅವನು ಗಾಡಿ ಒದ್ದು ಸ್ಟಾರ್ಟ್ ಮಾಡಿದ. ಕನ್ನಡಿ ಗಡಗಡ ಅಲುಗಿತು. ಅದರಲ್ಲಿ ಅವಳ ಮುಖ ಮೂರಾಗಿ ಕಂಡಿತು. ಒಂದು ಮುಖ ನಗುತ್ತಿರುವ ಹಾಗೆ ಅನಿಸಿತು, ಯಾವುದೆಂದು ತಿಳಿಯಲಿಲ್ಲ.