ದರ್ಜಿ ಅಳೆದು ತಂದ ಎಟಿವಿ

ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತಿದ್ದ ದರ್ಜಿಗೆ ಕಾಡುದಾರಿಯಲ್ಲಿ ಗಾಡಿ ಓಡಿಸುವ ಹುಚ್ಚು ಹಿಡಿಯಿತು. "ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು," ಎಂದು ಹೆಂಡತಿ ಮೂಗು ಮುರಿದಳು. ಆತ ಕೇಳಬೇಕಲ್ಲ! ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಎಟಿವಿ, ಅಂದರೆ ಕಲ್ಲು-ಕೆಸರಲ್ಲೂ ಓಡುವ ನಾಲ್ಕು ಚಕ್ರದ ಬೈಕು, ಮಾರುವ ಅಂಗಡಿಗೆ ಹೋದ.

ಅಂಗಡಿಯವನು ಎಲ್ಲಕ್ಕಿಂತ ದೊಡ್ಡ ಕೆಂಪು ಗಾಡಿಯನ್ನು ತೋರಿಸಿ ಅದರ ಎಂಜಿನ್ನನ್ನು ಬಾಯ್ತುಂಬ ಹೊಗಳಿದ.

"ನನಗಿದು ಮೊದಲ್ನೇ ಗಾಡಿ ಸ್ವಾಮಿ. ದೊಗಳೆ ಕೋಟು ಹಾಕ್ಕೊಂಡು ಓಡಕ್ಕಾಗುತ್ತಾ?" ಎಂದ ದರ್ಜಿ, ಸೀಟಿನ ಎತ್ತರ, ಹ್ಯಾಂಡಲ್ಲಿನ ದೂರ ಅಳೆಯತೊಡಗಿದ. ಕೊನೆಗೆ ಮೂಲೆಯಲ್ಲಿದ್ದ ಸಣ್ಣ ಹಸಿರು ಗಾಡಿ ಮನಸ್ಸಿಗೆ ಬಂತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಒಬ್ಬರೇ ಕೂರುವ ಸೀಟು.

"ಒಂದ್ಸಲ ಕೂತು ನೋಡಿ," ಎಂದ ಅಂಗಡಿಯವನು.

"ಟೇಪು ಹೇಳಿದ ಮೇಲೆ ಇನ್ನೇನ್ರೀ ನೋಡೋದು?" ಎಂದು ದರ್ಜಿ ಜಂಬ ಕೊಚ್ಚಿಕೊಂಡ.

ಭಾನುವಾರ ಕಾಡುದಾರಿ ಶುರುವಾಗುವಲ್ಲಿ ಗಾಡಿ ಹತ್ತಿದರೆ ಎರಡೂ ಮೊಣಕಾಲು ಹ್ಯಾಂಡಲ್ಲಿಗೆ ಬಡಿದವು. ಹೆಂಡತಿ ಬಿದ್ದು ಬಿದ್ದು ನಕ್ಕಳು. "ಯಾರ ಅಳತೆಗೆ ತಂದ್ರಿ ಇದನ್ನ?"

ದರ್ಜಿ ತಲೆ ಕೆರೆದುಕೊಂಡ. ಊರಿಗೆಲ್ಲ ಹೊಲಿದವನು ತನ್ನದನ್ನು ಮಾತ್ರ ಹಳೇ ಅಂಗಿ ಮುಂದಿಟ್ಟುಕೊಂಡು ಹೊಲಿಯುತ್ತಿದ್ದ. ತನ್ನ ಮೈಯನ್ನು ಒಮ್ಮೆಯೂ ಅಳೆದಿರಲಿಲ್ಲ. ಗಿರಾಕಿಗಳ ಅಳತೆ ಬರೆದಿಟ್ಟ ಪುಸ್ತಕ ನೋಡದೆ ಅವನಿಗೆ ನೆನಪಿದ್ದುದು ಹೆಂಡತಿಯ ಅಳತೆಯೊಂದೇ.

"ಇಳೀರಿ," ಎಂದು ಅವಳು ಹೆಲ್ಮೆಟ್ ಕಸಿದುಕೊಂಡು ಹತ್ತಿದಳು. ಕೈ, ಕಾಲು, ಬೆನ್ನು ಎಲ್ಲ ಹೇಳಿ ಹೊಲಿಸಿದಂತೆ ಕೂತವು. ಕೆಸರು ಹಾರಿಸುತ್ತ ಏರು ಹತ್ತಿಹೋದವಳು ಮೇಲಿನಿಂದ ಕೂಗಿದಳು:

"ರೀ, ನಿಮಗೂ ಒಂದು ತರೋಣ! ಅಳತೆ ನಾನು ತಗೋತೀನಿ!"