ಆ ಮಾತಿನೊಳಗಿನ ಕುರ್ಚಿ

ಎಂಬತ್ತರ ದಶಕದಲ್ಲಿ ನನಗೆ ನನ್ನ ಇಂಗ್ಲಿಷಿನ ಬಗ್ಗೆ ವಿಪರೀತ ಜಂಬವಿತ್ತು. ಅದು ಇಳಿದದ್ದು ಅಮೆರಿಕದ ಡ್ಯಾನ್‌ವಿಲ್‌ನ ಒಂದು ಕ್ಲಿನಿಕ್ಕಿನಲ್ಲಿ. ಆಗ ನಾನು ಏಳು ತಿಂಗಳ ಬಸುರಿ. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ಪಕ್ಕದಲ್ಲೇ ಕೂತಿದ್ದಳು. ತಂದೆ ಹೇಗೆ ತೀರಿಕೊಂಡರು ಎಂದು ಫಾರ್ಮಿನಲ್ಲಿ ಕೇಳಿದ್ದರು. ಅಪ್ಪ ಲೈನ್‌ಮನ್ ಆಗಿದ್ದರು. ನನಗೆ ಆರು ವರ್ಷವಿದ್ದಾಗ ಕಂಬದ ಮೇಲೆಯೇ ಕರೆಂಟ್ ಹಿಡಿದು ಹೋದರು. ಸರ್ಕಾರಿ ನೌಕರಿಯೆಂಬುದೂ ತಿಳಿಯಲಿ ಎಂದು ಠೀವಿಯಿಂದ ಬರೆದೆ: ‘ಎಲೆಕ್ಟ್ರೊಕ್ಯೂಟೆಡ್ ಬೈ ಸ್ಟೇಟ್ ಎಲೆಕ್ಟ್ರಿಸಿಟಿ’.

ನರ್ಸು ಅದನ್ನು ಎರಡು ಸಲ ಓದಿದಳು. ಆಮೇಲೆ ದನಿ ತಗ್ಗಿಸಿ, ನಿಮ್ಮ ತಂದೆ ಮಾಡಿದ ಅಪರಾಧವೇನು ಎಂದು ಕೇಳಿದಳು. ಸರ್ಕಾರವೇ ಅವರನ್ನು ಕುರ್ಚಿಗೆ ಕಟ್ಟಿ, ಕರೆಂಟು ಹರಿಸಿ ಕೊಂದಿದೆ ಎಂದುಕೊಂಡಿದ್ದಳು ಪುಣ್ಯಾತ್ಗಿತ್ತಿ!

“ಏನಂದ್ಲ ಆಕಿ?” ಎಂದಳು ಅವ್ವ.

“ಏನಿಲ್ಲವ್ವ.”

ಅವ್ವ ಅಷ್ಟಕ್ಕೆ ಬಿಡುವವಳಲ್ಲ. ಕಾರಿನಲ್ಲಿ ಬಾಯಿ ಬಿಡಿಸಿದಳು. ಈ ದೇಶದ ಕೆಲವು ರಾಜ್ಯಗಳಲ್ಲಿ ಅಪರಾಧಿಗಳನ್ನು ಕರೆಂಟು ಕೊಟ್ಟು ಕೊಲ್ಲುತ್ತಾರೆ ಎಂದೆ. ಮನೆ ಬರುವವರೆಗೂ ಅವಳು ದಾರಿಬದಿಯ ಕರೆಂಟು ಕಂಬಗಳನ್ನೇ ನೋಡುತ್ತಿದ್ದಳು.

ನನಗೆ ‘ಎಲೆಕ್ಟ್ರೊಕ್ಯೂಟ್’ ಎಂಬ ಆ ಪದದ ಮೇಲೆ ಸಿಟ್ಟು ಬಂದಿತ್ತು. ಲೈಬ್ರರಿಗೆ ಹೋಗಿ ಹುಡುಕಿದೆ. ಕರೆಂಟು ಹೊಸದಾಗಿದ್ದ ಕಾಲದಲ್ಲಿ, ನೇಣು ಕ್ರೂರ, ಇದಾದರೆ ನೋವೇ ಇಲ್ಲ ಎಂದು ವಾದಿಸಿ, ಓದಿಕೊಂಡವರೇ ಈ ಕುರ್ಚಿಯನ್ನು ತಂದರಂತೆ. ಕರೆಂಟು ಮಾರುವ ಒಂದು ಕಂಪನಿಗೋ, ಎದುರಾಳಿ ಕಂಪನಿಯ ಕರೆಂಟೇ ಕೊಲೆಗೆ ಲಾಯಕ್ಕು ಎಂದು ತೋರಿಸುವ ಆತುರ. ಮೊಟ್ಟಮೊದಲು ಕೂತವನು ಒಂದೇ ಸಲಕ್ಕೆ ಸಾಯಲಿಲ್ಲ, ಎರಡನೆಯ ಸಲ ಕರೆಂಟು ಹರಿಸಬೇಕಾಯಿತು. ಆ ಪದವೂ ಈ ಶಿಕ್ಷೆಗೆಂದೇ ಹುಟ್ಟಿದ್ದು. ಕರೆಂಟು ಮತ್ತು ಮರಣದಂಡನೆ ಎರಡನ್ನೂ ಸೇರಿಸಿ ಹೊಲಿದದ್ದು. ನಮ್ಮಲ್ಲಿ ಕರೆಂಟು ಹಿಡಿಯುತ್ತದೆ, ಹೊಡೆಯುತ್ತದೆ. ಅದರ ಹಿಂದೆ ಮನುಷ್ಯನ ಕೈ ಇರುವುದಿಲ್ಲ. ಅಂಥ ಪದವನ್ನು ತಂದು ಅಪ್ಪನಿಗೆ ಅಂಟಿಸಿದ್ದೆನಲ್ಲ ಎಂದು ನಾಚಿಕೆಯಾಯಿತು.

ಆದರೆ ನಾಚಿಕೆಗಿಂತ ಹೆಚ್ಚಾಗಿ ಕಾಡಿದ್ದು ಆ ಎರಡನೆಯ ಸಲದ ಸಂಗತಿ. ಚಿಕ್ಕವಳಿದ್ದಾಗ ನಾನು ಅಪ್ಪನಿಗೆ ನೋವಾಯಿತೇ ಎಂದು ಎಷ್ಟು ಸಲ ಕೇಳಿದರೂ ಅವ್ವನದು ಒಂದೇ ಉತ್ತರ: “ಗೊತ್ತಾಗೂದ್ರೊಳಗ ಎಲ್ಲಾ ಮುಗದಿತ್ತು.” ಇಪ್ಪತ್ತಮೂರು ವರ್ಷ ನಾನು ಅದನ್ನು ನಂಬಿಕೊಂಡೇ ಬಂದಿದ್ದೆ.

ಮನೆಗೆ ಬಂದಾಗ ಅವ್ವ ಬಾಣಂತನದ ಅಂಟಿನ ಉಂಡೆಗೆ ಒಣಕೊಬ್ಬರಿ ಹೆರೆಯುತ್ತಿದ್ದಳು. ಕತ್ತೆತ್ತದೆ ಕೇಳಿದಳು:

“ಪುಸ್ತಕದಾಗ ಏನ ಬರದಾರ? ಆ ಕುರ್ಚ್ಯಾಗ ಕುಂತವರಿಗೆ ಭಾಳ ತ್ರಾಸ ಆಗ್ತದೇನ?”

ಅವಳು ಕೇಳುತ್ತಿದ್ದುದು ಕುರ್ಚಿಯಲ್ಲಿ ಕೂತವರ ಬಗ್ಗೆ ಅಲ್ಲ. ಓದಿದ್ದನ್ನು ಹೇಳಿದರೆ ಅವ್ವ ಇನ್ನುಳಿದ ದಿನಗಳನ್ನೆಲ್ಲ ಆ ಕಂಬದ ಕೆಳಗೆ ನಿಂತೇ ಕಳೆಯುತ್ತಾಳೆ ಎಂದು ಹೆದರಿದೆ.

“ಇಲ್ಲವ್ವ,” ಎಂದೆ. “ಗೊತ್ತಾಗೂದ್ರೊಳಗ ಎಲ್ಲಾ ಮುಗದಿರ್ತದಂತ.”

ಅವ್ವನ ಕೈ ನಿಂತಿತು. ಸೆರಗಿಗೆ ಕೈ ಒರೆಸಿಕೊಂಡು ನನ್ನ ತಲೆ ಸವರಿದಳು.

“ಈ ಮಾತ ಯಾವ ಪುಸ್ತಕದಾಗೂ ಇಲ್ಲ, ತಂಗಿ,” ಎಂದಳು. “ನೀ ಅಳತಿದ್ದಿ ಅಂತ ನಾನ ಕಟ್ಟಿ ಹೇಳಿದ್ದು.”