ಡ್ರೈಯರಿನ ಫರ್ಮ್‌ವೇರ್ ಹೋದಾಗ

ಗೂಡಿನೊಳಗಿನ ಹುಳು ಚಿಟ್ಟೆಯಾಗುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅದು ತೂತು ಮಾಡಿಕೊಂಡು ಹೊರಗೆ ಬಂತೆಂದರೆ ಎಳೆಯೆಲ್ಲ ತುಂಡುತುಂಡು. ಆ ಗೂಡಿನಿಂದ ನೂಲು ತೆಗೆಯಲು ಯಾರಿಂದಲೂ ಆಗದು. ಅದಕ್ಕೇ ರಾಮನಗರದಲ್ಲಿ ನೂಲು ಬಿಚ್ಚುವ ನಾವು, ಮಾರ್ಕೆಟ್ಟಿನಿಂದ ರೇಷ್ಮೆಗೂಡು ತಂದ ಕೂಡಲೇ ಡ್ರೈಯರಿಗೆ ಹಾಕಿ ಬಿಸಿಗಾಳಿಯಲ್ಲಿ ಒಳಗಿನ ಹುಳುವನ್ನು ಒಣಗಿಸಿಬಿಡುತ್ತೇವೆ. ಆ ಸಲ ನನ್ನ ಶೆಡ್ಡಿನ ತುಂಬ ಹಸಿ ಗೂಡಿತ್ತು, ಡ್ರೈಯರ್ ನಿಂತುಹೋಗಿತ್ತು.

ಗುಡುಗು ಮಳೆಯಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಆಟವಾಡಿತ್ತು. ಆಮೇಲೆ ಹಸಿರು ಗುಂಡಿ ಒತ್ತಿದರೆ ಕಂಟ್ರೋಲ್ ಪೆಟ್ಟಿಗೆಯ ಕಿಂಡಿಯಲ್ಲಿ ಅಂಕಿಯ ಬದಲು ಬರೀ ಗೀಟು.

ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಸೋಲೂರಿನ ಕಡೆಯಿಂದ ಬಂದು, ಬೇರೆಯವರ ಚರಕ ತಿರುಗಿಸಿ, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಈ ಘಟಕ ಕಟ್ಟಿದ್ದೇನೆ. ನನ್ನ ಶೆಡ್ಡಿನಲ್ಲಿ ನಾನು ಬಿಚ್ಚಿ ಜೋಡಿಸದ ಮಿಷನ್ನಿಲ್ಲ. ಫ್ಯೂಸ್ ಹಾಕಿದೆ, ಹೀಟರಿನ ಕಾಯಿಲ್ ಬದಲಾಯಿಸಿದೆ, ಫ್ಯಾನಿನ ಬೇರಿಂಗ್ ತನಕ ಹೋದೆ. ಎಲ್ಲ ಸರಿಯಾಗೇ ಇತ್ತು. ಆದರೂ ಮಿಷನ್ ಓಡಲಿಲ್ಲ.

ಚನ್ನಪಟ್ಟಣದಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ಪೆಟ್ಟಿಗೆ ಬಿಚ್ಚಿ, ಲ್ಯಾಪ್‌ಟಾಪಿಗೆ ವೈರ್ ಸಿಕ್ಕಿಸಿ, ಅವನು ತಲೆ ಕೆರೆದುಕೊಂಡ.

"ಬೋರ್ಡ್ ಚೆನ್ನಾಗೈತೆ ಕಣಣ್ಣ. ಫರ್ಮ್‌ವೇರ್ ಹೋಗ್ಬುಟ್ಟೈತೆ."

"ಅದ್ಯಾವ ಪಾರ್ಟ್‌ಲಾ? ತೋರ್ಸು, ಬೆಂಗ್ಳೂರಿಂದ ತರುಸ್ತೀನಿ."

"ತೋರ್ಸಕ್ಕಾಗಲ್ಲ. ಕೈಗೆ ಸಿಗೋದೆಲ್ಲ ಹಾರ್ಡ್‌ವೇರು. ಮೊಬೈಲಲ್ಲಿ ಹಾಕ್ತೀಯ, ಬೇಡಾಂದ್ರೆ ತೆಗೀತೀಯ, ಅದು ಸಾಫ್ಟ್‌ವೇರು. ಇದು ಎರಡರ ಮಧ್ಯದ್ದು. ಮಿಷನ್ ಮಾಡೋವಾಗ್ಲೇ ಈ ಚಿಪ್ಪಿನೊಳಕ್ಕೆ ತುಂಬಿರ್ತಾರೆ. ಯಾವಾಗ ಹೀಟರ್ ಹಚ್ಬೇಕು, ಯಾವಾಗ ಇಳಿಸ್ಬೇಕು ಅಂತ ಅದೇ ಹೇಳೋದು. ನಿಮ್ಮನೆ ಟಿವೀಲೂ ಐತೆ, ವಾಷಿಂಗ್ ಮಿಷನ್ನಲ್ಲೂ ಐತೆ. ಕರೆಂಟ್ ಹೋದ್ರೂ ಮರೆಯಲ್ಲ."

"ಮರೆಯಲ್ಲಾಂತೀಯ, ಮತ್ತೆ ಇದ್ಯಾಕ್ಲಾ ಮರೀತು? ನನ್ ಗೂಡ್ ನೋಡೇ ಮರೀತಾ?"

ಅವನಿಗೆ ನಗು ಬಂತು, ನನಗೆ ಬರಲಿಲ್ಲ. ಕರೆಂಟಿನ ಆ ಆಟಕ್ಕೆ ಅಳಿಸಿಹೋಗಿರಬೇಕು, ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಈ ಮಿಷನ್ ಮಾಡಿದವರೇ ಕೊಡಬೇಕು ಅಂದ. ಮಾಡಿದವರು ಬಾಗಿಲು ಹಾಕಿಕೊಂಡು ಎಷ್ಟೋ ಕಾಲವಾಗಿತ್ತು. ಊರಿನವರ ಡ್ರೈಯರುಗಳೆಲ್ಲ ಅವರವರ ಗೂಡಿನಿಂದಲೇ ತುಂಬಿದ್ದವು. ಹಬೆಯಲ್ಲಿ ಹುಳು ಸಾಯಿಸೋಣವೆಂದರೆ ಆಮೇಲೆ ಗೂಡು ಆರಬೇಕು. ಮಳೆ ಬಿಟ್ಟಿರಲಿಲ್ಲ, ಹಾಗೆ ಮಾಡಿದ್ದರೆ ಆರದೆ ಕೊಳೆತು ನಾರುತ್ತಿತ್ತು.

"ಆ ಪೆಟ್ಟಿಗೇನೇ ಬುಟ್ಟಾಕು," ಅಂದೆ. "ಹೀಟರಿಗೂ ಫ್ಯಾನಿಗೂ ನೇರ ಲೈನ್ ಕೊಡು. ಕಾವು ಕೊಡಕ್ಕೆ ಅದ್ಯಾವ ಫರ್ಮ್‌ವೇರ್ ಬೇಕು? ನಾನೇ ನೋಡ್ಕೋತೀನಿ."

"ಅಣ್ಣ, ಎಷ್ಟ್ ಕಾವು ಅಂತ ಗೊತ್ತಾ?"

"ಗೂಡಿನ್ ಜೊತೆ ಬೆಳ್ದೋನ್ ಕಣ್ಲಾ ನಾನು."

ಅವನು ಲೈನ್ ಕೊಟ್ಟು ಹೋದ. ಮಾರನೆಯ ದಿನ ಟ್ರೇಗಳಿಗೆ ಹಿಡಿದಷ್ಟು ಗೂಡು ತುಂಬಿಸಿ, ಬೆಳಗ್ಗೆಯಿಂದ ಕೊನೆಯವರೆಗೂ ಒಂದೇ ಸಮ ಕಾವು ಕೊಟ್ಟೆ. ಹುಳು ಸತ್ತವು, ಗೂಡು ಗಿಲಕಿಯ ಹಾಗೆ ಸದ್ದು ಮಾಡಿತು. ಗೆದ್ದೆ ಅಂದುಕೊಂಡೆ. ನೂಲು ಬಿಚ್ಚುವ ಬೇಸಿನ್ನಿನ ಮುಂದೆ ಕೂರುವ ನನ್ನ ಹಳೆಯ ಕೆಲಸದ ಹೆಂಗಸು ಅದನ್ನು ಬಿಸಿನೀರಿಗೆ ಹಾಕಿ ಬ್ರಷ್ಷಿನಲ್ಲಿ ತಿರುವಿದಳು. ಎಳೆಯ ತುದಿ ಮೇಲೆ ಬರಲೇ ಇಲ್ಲ. ಮತ್ತೆ ಮತ್ತೆ ತಿರುವಿ, ಕೈ ಎತ್ತಿಬಿಟ್ಟಳು.

"ಇದೇನ್ ಗೌಡ್ರೇ, ಒಣಗ್ಸಿದ್ರೋ ಹುರುದ್ರೋ? ಕಳ್ಳೆಕಾಯಾದ್ರೆ ತಿನ್ಬೌದಿತ್ತು."

ಎಳೆ ಎಳೆಯನ್ನು ಹಿಡಿದಿರುವ ಅಂಟೇ ಸುಟ್ಟು ಗಟ್ಟಿಯಾಗಿತ್ತು. ಇಷ್ಟು ವರ್ಷ ಆ ಪೆಟ್ಟಿಗೆ ಒಂದೇ ಕಾವು ಕೊಡುತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಮೊದಲು ಏರಿಸಿ ಆಮೇಲೆ ಇಳಿಸುತ್ತಿತ್ತು. ಎಷ್ಟಕ್ಕೆ, ಯಾವಾಗ ಎಂಬುದನ್ನು ನಾನು ನೋಡಿಯೇ ಇರಲಿಲ್ಲ. ಗುಂಡಿ ಒತ್ತಿ ಟೀ ಕುಡಿಯಲು ಹೋಗುತ್ತಿದ್ದವನು ನಾನು.

ಅಂಥದೇ ಮಿಷನ್ ಇದ್ದದ್ದು ನಮ್ಮ ಬೀದಿಯ ತುದಿಯ ಸಾಬರ ಹತ್ತಿರ ಮಾತ್ರ. ಹೋಗಿ ಕೇಳಿದೆ. ಅವರ ಪೆಟ್ಟಿಗೆ ಬಿಚ್ಚಿದರೆ ಮೆಕ್ಯಾನಿಕ್ ಅದರ ಫರ್ಮ್‌ವೇರನ್ನು ನಕಲು ಮಾಡಿಕೊಳ್ಳಬಹುದೇನೋ. ಯಾರ ಮುಂದೆಯೂ ಕೈಯೊಡ್ಡದ ನಾನು ಅವತ್ತು ಕೈ ಮುಗಿದೆ.

"ಅರೆ ಗೌಡ್ರೇ, ಕೈ ಇಳಿಸಿ. ಬಿಚ್ಚೋವಾಗ ನಂದೂ ಕೆಟ್ಟೋದ್ರೆ? ನಂದೂ ಗೂಡು ತುಂಬೈತಲ್ಲ."

ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ಅವರು ಒಂದು ಸ್ಟೂಲು ಎಳೆದು ತಮ್ಮ ಡ್ರೈಯರಿನ ಮುಂದೆ ಹಾಕಿದರು.

"ಬಿಚ್ಚಕ್ಕ್ ಬುಡಲ್ಲ. ನೋಡಕ್ಕೆ ಬ್ಯಾಡ ಅನ್ನಲ್ಲ. ಕೂತ್ಕಳಿ. ಊಟಾನೂ ಇಲ್ಲೇ ಕಳ್ಸ್ತೀನಿ."

ಕೂತೆ. ಕಿಂಡಿಯಲ್ಲಿನ ಅಂಕಿ ನೂರು ದಾಟಿತು, ನಿಂತಿತು. ಆಮೇಲೆ ಹೀಟರ್ ತಾನಾಗಿಯೇ ಆರಿ, ಸ್ವಲ್ಪ ಇಳಿದು, ಮತ್ತೆ ಹೊತ್ತಿತು. ಫ್ಯಾನಿನ ಸದ್ದು ಬದಲಾಯಿತು. ಗೋಡೆಯ ಗಡಿಯಾರವನ್ನೂ ಕಿಂಡಿಯನ್ನೂ ಒಟ್ಟಿಗೇ ನೋಡುತ್ತ, ಒಂದೊಂದು ಇಳಿತವನ್ನೂ ಬಾಯಲ್ಲೇ ಹೇಳಿಕೊಂಡೆ, ಮಗ್ಗಿ ಒಪ್ಪಿಸುವವನ ಹಾಗೆ. ಅನ್ನ ಬಂತು, ಕಣ್ಣು ತೆಗೆಯಲು ಹೆದರಿ, ತಟ್ಟೆ ನೋಡದೆಯೇ ತಿಂದೆ.

ಮಾರನೆಯ ದಿನ ಬೆಳಕು ಹರಿಯುತ್ತಲೇ ನನ್ನ ಡ್ರೈಯರಿಗೆ ಟ್ರೇ ತುಂಬಿಸಿದೆ, ಹಿಡಿಸದ ಹಸಿ ಗೂಡು ಹಿಂದಿನ ಕೋಣೆಯ ಕ್ರೇಟುಗಳಲ್ಲೇ ಇತ್ತು. ಒಂದು ಕೈ ಹೀಟರಿನ ಸ್ವಿಚ್ಚಿನ ಮೇಲೆ, ಕಣ್ಣು ಬಾಗಿಲಿಗೆ ಸಿಕ್ಕಿಸಿದ ಥರ್ಮಾಮೀಟರಿನ ಮೇಲೆ. ಏರಿಸಿದೆ, ತಡೆದೆ, ಇಳಿಸಿದೆ. ಬೇಸಿನ್ನಿನ ಹೆಂಗಸು ಹಿಂದಿನ ಕೋಣೆಯಿಂದ ಓಡಿ ಬಂದಳು.

"ಗೌಡ್ರೇ, ಕ್ರೇಟಿನ್ ಮ್ಯಾಲೆಲ್ಲ ಚಿಟ್ಟೆ ಎದ್ದವೆ. ಬನ್ನಿ, ಬೇಗ!"

"ತೂತಾಗದೇ ಇರೋವ್ನ ಆರ್ಸಿ ಬ್ಯಾರೆ ಮಾಡವ್ವ. ಎಷ್ಟ್ ಸಿಕ್ತವೋ ಅಷ್ಟು."

"ನೀವ್ ಬರಲ್ವಾ?"

ಹಿಂದಿನ ಕೋಣೆಯಿಂದ ರೆಕ್ಕೆಗಳ ಪಟಪಟ ಸದ್ದು ಕೇಳುತ್ತಿತ್ತು. ಥರ್ಮಾಮೀಟರ್ ತೊಂಬತ್ತಕ್ಕೆ ಇಳಿಯಬೇಕಿತ್ತು, ಅಲ್ಲೇ ನಿಲ್ಲಬೇಕಿತ್ತು. ನಿಲ್ಲಿಸುವುದಕ್ಕೆ ನಾನಲ್ಲದೆ ಬೇರೆ ಯಾರೂ ಇರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ, ಕಣ್ಣು ಮಾತ್ರ ತೆಗೆಯಲಿಲ್ಲ.